ಖಾಸಗಿ ಒಡೆತನದ ಸಾರ್ವಜನಿಕ ಸ್ಥಳಗಳಲ್ಲಿ ಕಟ್ಟಡಗಳ ಛಾಯಾಚಿತ್ರ: ನಾಗರಿಕರ ಮಾಹಿತಿಗಾಗಿ

1. ಪೀಠಿಕೆ

ಕಟ್ಟಡದ ಛಾಯಾಚಿತ್ರವು ಇಂದು ಅನೇಕ ಸರ್ಕಾರಿ ಸೇವೆಗಳ ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಯಾಗಿದೆ. ಇ-ಖಾತಾ ಅರ್ಜಿಗೆ ಆಸ್ತಿಯ ಛಾಯಾಚಿತ್ರ ಬೇಕಾಗುತ್ತದೆ. ಮಂಜೂರಾದ ನಕ್ಷೆಯನ್ನು ಉಲ್ಲಂಘಿಸಿ ಕಟ್ಟಡ ನಿರ್ಮಿಸಲಾಗುತ್ತಿದೆ, ವಾಹನ ನಿಲುಗಡೆಗೆ ಮೀಸಲಿಟ್ಟ ನೆಲಮಾಳಿಗೆಯಲ್ಲಿ ಮಳಿಗೆ ತೆರೆಯಲಾಗಿದೆ, ತುರ್ತು ನಿರ್ಗಮನ ದ್ವಾರದ ಮುಂದೆ ಸರಕು ಪೇರಿಸಲಾಗಿದೆ ಎಂಬಂತಹ ದೂರುಗಳಿಗೂ ಛಾಯಾಚಿತ್ರವೇ ಮೊದಲ ಆಧಾರ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ವಾಣಿಜ್ಯ ಸಂಕೀರ್ಣದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಬಹುಮಹಡಿ ಕಟ್ಟಡಗಳ ಸುರಕ್ಷತಾ ಲೋಪಗಳನ್ನು ಸಕಾಲದಲ್ಲಿ ಪ್ರಾಧಿಕಾರಗಳ ಗಮನಕ್ಕೆ ತರುವುದು ಏಕೆ ಅಗತ್ಯ ಎಂಬುದಕ್ಕೆ ಅದು ನಿದರ್ಶನವಾಗಿದೆ.

ಆದರೆ ವ್ಯಾಪಾರ ಮಳಿಗೆಗಳ ಸಂಕೀರ್ಣ, ಮಾಹಿತಿ ತಂತ್ರಜ್ಞಾನ ಉದ್ಯಾನ, ಬಹುಮಹಡಿ ಕಚೇರಿಯ ಮುಂದಿನ ಅಂಗಳ, ಗೇಟು ಇರುವ ಬಡಾವಣೆ ಮೊದಲಾದೆಡೆ ಛಾಯಾಚಿತ್ರ ತೆಗೆಯಲು ಮುಂದಾದಾಗ ಭದ್ರತಾ ಸಿಬ್ಬಂದಿ ತಡೆಯುವುದು ಸಾಮಾನ್ಯ. ಕೆಲವೆಡೆ ಮೊಬೈಲ್ ದೂರವಾಣಿಯನ್ನು ಕೇಳುವುದು, ತೆಗೆದ ಚಿತ್ರವನ್ನು ಅಳಿಸುವಂತೆ ಒತ್ತಾಯಿಸುವುದು ಸಹ ಉಂಟು. ಇಂತಹ ಸಂದರ್ಭದಲ್ಲಿ ತಮಗಿರುವ ಹಕ್ಕು ಏನು, ಅದರ ಮಿತಿ ಏನು ಎಂಬುದು ಬಹುತೇಕ ನಾಗರಿಕರಿಗೆ ತಿಳಿದಿರುವುದಿಲ್ಲ. ಈ ಬಗ್ಗೆ ಸ್ಥೂಲ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ಒಂದು ಮೂಲ ತತ್ವವನ್ನು ಮೊದಲೇ ತಿಳಿಸುವುದು ಸೂಕ್ತ. ಕಟ್ಟಡದ ಚಿತ್ರ ತೆಗೆಯುವ ಹಕ್ಕು ಬೇರೆ, ಚಿತ್ರ ತೆಗೆಯಲು ನಿಂತಿರುವ ನೆಲದ ಮೇಲಿನ ಹಕ್ಕು ಬೇರೆ. ಕಟ್ಟಡದ ಚಿತ್ರಕ್ಕೆ ಕಾನೂನು ವಿಶಾಲವಾದ ವಿನಾಯಿತಿ ನೀಡಿದೆ. ನೆಲದ ಮಾಲೀಕರಿಗೆ ತಮ್ಮ ಸ್ಥಳದಲ್ಲಿ ಷರತ್ತು ವಿಧಿಸುವ ಅಧಿಕಾರವಿದೆ. ಆ ಅಧಿಕಾರಕ್ಕೂ ಮಿತಿಯಿದೆ. ಮುಂದಿನ ಎಲ್ಲ ವಿವರಗಳೂ ಈ ತತ್ವವನ್ನು ಆಧರಿಸಿವೆ.

2. "ಖಾಸಗಿ ಒಡೆತನದ ಸಾರ್ವಜನಿಕ ಸ್ಥಳ" ಎಂದರೇನು?

ಒಡೆತನ ಖಾಸಗಿಯವರದ್ದಾಗಿದ್ದು, ಸಾರ್ವಜನಿಕರ ಪ್ರವೇಶಕ್ಕೆ ತೆರೆದಿರುವ ಸ್ಥಳವನ್ನು ಹೀಗೆ ಕರೆಯಲಾಗುತ್ತದೆ. ಈ ಪರಿಕಲ್ಪನೆಗೆ ನಿಯಮದ ರೂಪ ನೀಡಿದ ನಗರಗಳಲ್ಲಿ ನ್ಯೂಯಾರ್ಕ್ ಪ್ರಮುಖವಾದುದು. 1961ರ ಅಲ್ಲಿನ ವಲಯ ನಿಯಮಗಳ ಪ್ರಕಾರ, ನಿವೇಶನದಲ್ಲಿ ಸಾರ್ವಜನಿಕರಿಗಾಗಿ ಅಂಗಳವನ್ನು ಬಿಟ್ಟ ನಿರ್ಮಾಣಗಾರರಿಗೆ ಹೆಚ್ಚುವರಿ ಅಂತಸ್ತು ವಿಸ್ತೀರ್ಣವನ್ನು ನೀಡಲಾಗುತ್ತಿತ್ತು. ಅಂಗಳದ ಒಡೆತನ ಕಟ್ಟಡದ ಮಾಲೀಕರದ್ದೇ ಆಗಿ ಉಳಿದರೂ, ಅದನ್ನು ಸಾರ್ವಜನಿಕರಿಗೆ ತೆರೆದಿಡುವುದು ಕಡ್ಡಾಯವಾಗಿತ್ತು. ಲಂಡನ್ ನಗರದಲ್ಲಿಯೂ ಇಂತಹ ಸ್ಥಳಗಳ ಖಾಸಗಿ ಷರತ್ತುಗಳ ಬಗ್ಗೆ ದೀರ್ಘಕಾಲ ಚರ್ಚೆ ನಡೆದು, ಹೊಸ ಸಾರ್ವಜನಿಕ ಸ್ಥಳಗಳ ನಿರ್ವಹಣೆ ಹೇಗಿರಬೇಕೆಂಬ ಸನ್ನದನ್ನು 2021ರಲ್ಲಿ ಪ್ರಕಟಿಸಲಾಯಿತು.

ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಕಂಡುಬರುವ ಸ್ಥಳಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು:

(ಅ) ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಉದ್ಯಾನ. ಇವು ಸಾರ್ವಜನಿಕ ಸ್ಥಳಗಳು. ಬೆಂಗಳೂರಿನ ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ನಿರ್ವಹಣೆಯಲ್ಲಿವೆ.

(ಆ) ವ್ಯಾಪಾರ ಸಂಕೀರ್ಣ, ಚಿತ್ರಮಂದಿರ, ಹೋಟೆಲ್, ಖಾಸಗಿ ಆಸ್ಪತ್ರೆ, ಕಚೇರಿ ಕಟ್ಟಡದ ಅಂಗಳ. ಇವು ಖಾಸಗಿ ಒಡೆತನದ ಸ್ಥಳಗಳು. ಸಾರ್ವಜನಿಕರು ಮಾಲೀಕರ ಸಮ್ಮತಿಯ ಮೇರೆಗೆ ಪ್ರವೇಶಿಸುತ್ತಾರೆ.

(ಇ) ಮಾಹಿತಿ ತಂತ್ರಜ್ಞಾನ ಉದ್ಯಾನಗಳು. ಇವುಗಳ ಪೈಕಿ ಕೆಲವು ವಿಶೇಷ ಆರ್ಥಿಕ ವಲಯಗಳ ಅಧಿನಿಯಮ, 2005ರ ಮೇರೆಗೆ ಅಧಿಸೂಚಿತವಾಗಿದ್ದು, ಅಲ್ಲಿನ ಸಂಸ್ಕರಣಾ ಪ್ರದೇಶಕ್ಕೆ ಅಧಿಕೃತ ವ್ಯಕ್ತಿಗಳಿಗೆ ಮಾತ್ರ ಪ್ರವೇಶವಿರುತ್ತದೆ.

(ಈ) ಮಂಜೂರಾದ ಖಾಸಗಿ ಬಡಾವಣೆಯ ರಸ್ತೆ ಮತ್ತು ಉದ್ಯಾನ. ಬಡಾವಣೆಗೆ ಅನುಮೋದನೆ ನೀಡುವಾಗ ಯೋಜನಾ ಪ್ರಾಧಿಕಾರವು ರಸ್ತೆ, ಉದ್ಯಾನ ಹಾಗೂ ತೆರೆದ ಜಾಗಗಳನ್ನು ತನಗೆ ವಹಿಸಿಕೊಡುವಂತೆ ಷರತ್ತು ವಿಧಿಸುತ್ತದೆ. ನೋಂದಾಯಿತ ಪತ್ರದ ಮೂಲಕ ಹೀಗೆ ವಹಿಸಿಕೊಟ್ಟ ರಸ್ತೆಯು, ಪ್ರವೇಶದಲ್ಲಿ ಗೇಟು ಮತ್ತು ಕಾವಲುಗಾರ ಇದ್ದ ಮಾತ್ರಕ್ಕೆ ಖಾಸಗಿ ರಸ್ತೆಯಾಗುವುದಿಲ್ಲ.

ನೋಟಕ್ಕೆ ಒಂದೇ ರೀತಿ ಕಾಣುವ ಎರಡು ಅಂಗಳಗಳು ಕಾನೂನಿನಲ್ಲಿ ಬೇರೆ ಬೇರೆಯಾಗಿರಬಹುದು. ಆದುದರಿಂದ ಸಂಶಯವಿದ್ದಲ್ಲಿ ಮಂಜೂರಾದ ನಕ್ಷೆಯನ್ನು ನೋಡಿ ಒಡೆತನವನ್ನು ಖಚಿತಪಡಿಸಿಕೊಳ್ಳುವುದು ಉತ್ತಮ. ನಕ್ಷೆಯ ಪ್ರತಿಯನ್ನು ಪಡೆಯುವ ಕ್ರಮವನ್ನು ಕ್ರಮ ಸಂಖ್ಯೆ 8ರಲ್ಲಿ ವಿವರಿಸಲಾಗಿದೆ.

3. ಕಟ್ಟಡದ ಚಿತ್ರ ಮತ್ತು ಕೃತಿಸ್ವಾಮ್ಯ

ವಾಸ್ತುಶಿಲ್ಪವು ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ ಕಲಾಕೃತಿಯಾಗಿದ್ದು, ಅದರ ವಿನ್ಯಾಸಕ್ಕೆ ರಕ್ಷಣೆಯಿದೆ. ಹಾಗೆಂದು ಕಟ್ಟಡದ ಚಿತ್ರ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಸದರಿ ಅಧಿನಿಯಮದ ಕಲಂ 52(1)(ಎಸ್) ಪ್ರಕಾರ, ವಾಸ್ತುಶಿಲ್ಪ ಕೃತಿಯ ವರ್ಣಚಿತ್ರ, ರೇಖಾಚಿತ್ರ ಅಥವಾ ಛಾಯಾಚಿತ್ರವನ್ನು ತಯಾರಿಸುವುದು ಹಾಗೂ ಪ್ರಕಟಿಸುವುದು ಉಲ್ಲಂಘನೆಯಲ್ಲ. "ಕಟ್ಟಡದ ವಿನ್ಯಾಸದ ಹಕ್ಕು ನಮ್ಮದು, ಚಿತ್ರ ತೆಗೆಯುವಂತಿಲ್ಲ" ಎಂಬ ವಾದಕ್ಕೆ ಇದರಿಂದಾಗಿ ಆಧಾರವಿಲ್ಲ.

ಶಿಲ್ಪಗಳು ಮತ್ತು ಕರಕೌಶಲದ ಕಲಾಕೃತಿಗಳಿಗೆ ಕಲಂ 52(1)(ಟಿ) ಅನ್ವಯಿಸುತ್ತದೆ. ಅವು ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ಸ್ಥಾಪಿತವಾಗಿದ್ದಲ್ಲಿ ಅವುಗಳ ಛಾಯಾಚಿತ್ರ ತೆಗೆಯಬಹುದು. "ಸಾರ್ವಜನಿಕರಿಗೆ ಪ್ರವೇಶವಿರುವ ಆವರಣ" ಎಂಬ ಪದಗಳನ್ನು ಗಮನಿಸಬೇಕು. ಖಾಸಗಿ ಒಡೆತನದ ಅಂಗಳದಲ್ಲಿ ನಿಲ್ಲಿಸಿರುವ ಶಿಲ್ಪವೂ ಇದರ ವ್ಯಾಪ್ತಿಗೆ ಬರುತ್ತದೆ.

ಗೋಡೆಯ ಮೇಲಿನ ವರ್ಣಚಿತ್ರಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಮೇಲ್ಕಂಡ ವಿನಾಯಿತಿಯಲ್ಲಿ ವರ್ಣಚಿತ್ರಗಳ ಉಲ್ಲೇಖವಿಲ್ಲ. ಕಟ್ಟಡದ ಚಿತ್ರದಲ್ಲಿ ಗೋಡೆಚಿತ್ರವು ಪ್ರಾಸಂಗಿಕವಾಗಿ ಕಾಣಿಸಿಕೊಳ್ಳುವುದು ಬೇರೆ, ಗೋಡೆಚಿತ್ರವನ್ನಷ್ಟೇ ತೆಗೆದು ಜಾಹೀರಾತಿಗೆ ಬಳಸುವುದು ಬೇರೆ. ಎರಡನೆಯದಕ್ಕೆ ಕಲಾವಿದರ ಅನುಮತಿ ಪಡೆಯುವುದು ಸೂಕ್ತ.

ಕಟ್ಟಡದ ಹೊರ ರೂಪವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲೂ ಅವಕಾಶವಿದೆ. ಮುಂಬಯಿಯ ತಾಜ್ ಮಹಲ್ ಪ್ಯಾಲೆಸ್ ಹೋಟೆಲಿನ ಕಟ್ಟಡವು 2017ರಲ್ಲಿ ಹೀಗೆ ನೋಂದಣಿಯಾಯಿತು. ಈ ನೋಂದಣಿಯಿಂದ ಪ್ರವಾಸಿಗರು ಅದರ ಚಿತ್ರ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಆ ರೂಪವನ್ನು ತಮ್ಮ ಸರಕು ಅಥವಾ ಸೇವೆಯ ಗುರುತಾಗಿ ಇತರರು ಬಳಸುವುದನ್ನು ತಡೆಯುವುದು ಅದರ ಉದ್ದೇಶ.

4. ಸ್ಥಳದ ಮಾಲೀಕರ ಅಧಿಕಾರ

ಕೃತಿಸ್ವಾಮ್ಯದ ಅಡ್ಡಿ ಇಲ್ಲವೆಂದ ಮಾತ್ರಕ್ಕೆ ಖಾಸಗಿ ಆವರಣದೊಳಗೆ ಚಿತ್ರ ತೆಗೆಯುವ ಹಕ್ಕು ತಾನಾಗಿ ದೊರೆಯುವುದಿಲ್ಲ. ಭಾರತೀಯ ಈಸ್‌ಮೆಂಟ್ ಅಧಿನಿಯಮ, 1882ರ ಕಲಂ 52ರ ಪ್ರಕಾರ, ಅನ್ಯರ ಸ್ಥಿರಾಸ್ತಿಯಲ್ಲಿ ಅನುಮತಿಯಿಲ್ಲದಿದ್ದರೆ ಕಾನೂನುಬಾಹಿರವಾಗುವ ಕಾರ್ಯವನ್ನು ಮಾಡಲು ಮಾಲೀಕರು ನೀಡುವ ಅನುಮತಿಯೇ ಲೈಸೆನ್ಸ್. ವ್ಯಾಪಾರ ಸಂಕೀರ್ಣವನ್ನು ಪ್ರವೇಶಿಸುವ ಗ್ರಾಹಕರ ಸ್ಥಾನ ಇಂತಹುದು. ಅನುಮತಿ ನೀಡುವವರು ಅದಕ್ಕೆ ಷರತ್ತನ್ನೂ ವಿಧಿಸಬಹುದು. "ಛಾಯಾಗ್ರಹಣಕ್ಕೆ ಅವಕಾಶವಿಲ್ಲ" ಎಂಬ ಫಲಕವು ಅಂತಹ ಒಂದು ಷರತ್ತು.

ಷರತ್ತನ್ನು ಮೀರಿದವರನ್ನು ಹೊರಗೆ ಹೋಗುವಂತೆ ಕೇಳಲು ಮಾಲೀಕರಿಗೆ ಅಥವಾ ಅವರ ಪರವಾಗಿ ಸಿಬ್ಬಂದಿಗೆ ಅಧಿಕಾರವಿದೆ. ಹಾಗೆ ಕೇಳಿದಾಗ ಹೊರಗೆ ಹೋಗಲು ಸಮಂಜಸವಾದ ಕಾಲಾವಕಾಶವನ್ನು ನೀಡಬೇಕೆಂದು ಸದರಿ ಅಧಿನಿಯಮದ ಕಲಂ 63 ತಿಳಿಸುತ್ತದೆ.

ಫಲಕವನ್ನು ಮೀರಿ ಚಿತ್ರ ತೆಗೆಯುವುದು ತಾನಾಗಿಯೇ ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 329ರ ಮೇರೆಗೆ ಅಪರಾಧಿಕ ಅತಿಕ್ರಮ ಪ್ರವೇಶವಾಗಬೇಕಾದರೆ ಅಪರಾಧವೆಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಉಂಟುಮಾಡುವ ಉದ್ದೇಶವಿರಬೇಕು. ಕಾನೂನುಬದ್ಧವಾಗಿ ಪ್ರವೇಶಿಸಿದವರು ಇಂತಹ ಉದ್ದೇಶದಿಂದ ಅಲ್ಲಿಯೇ ಅಕ್ರಮವಾಗಿ ಉಳಿದುಕೊಂಡರೂ ಈ ಕಲಂ ಅನ್ವಯವಾಗುತ್ತದೆ. ಇದಕ್ಕೆ 3 ತಿಂಗಳವರೆಗಿನ ಕಾರಾವಾಸ ಅಥವಾ ₹5,000ದವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ಹೊರಗೆ ಹೋಗುವಂತೆ ಸ್ಪಷ್ಟವಾಗಿ ತಿಳಿಸಿದ ನಂತರ ವಾಗ್ವಾದಕ್ಕೆ ನಿಲ್ಲುವುದು ಉಚಿತವಲ್ಲ. ಆವರಣದಿಂದ ಹೊರಬಂದು, ಸಾರ್ವಜನಿಕ ರಸ್ತೆಯಲ್ಲಿ ನಿಂತು ಮುಂದಿನ ಕ್ರಮ ಕೈಗೊಳ್ಳುವುದು ಸುರಕ್ಷಿತ.

5. ಭದ್ರತಾ ಸಿಬ್ಬಂದಿಯ ಅಧಿಕಾರದ ಮಿತಿ

ಖಾಸಗಿ ಭದ್ರತಾ ಸಂಸ್ಥೆಗಳು ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮ, 2005ರ ಮೇರೆಗೆ ಪರವಾನಗಿ ಪಡೆದಿರಬೇಕು. ಅವುಗಳ ಸಿಬ್ಬಂದಿಗೆ ಭಾವಚಿತ್ರವಿರುವ ಗುರುತಿನ ಚೀಟಿ ನೀಡಬೇಕು. ಸಮವಸ್ತ್ರ ಧರಿಸಿದ್ದರೂ ಅವರಿಗೆ ಪೊಲೀಸ್ ಅಧಿಕಾರವಿರುವುದಿಲ್ಲ.

ಈ ಕೆಳಕಂಡ ಅಂಶಗಳನ್ನು ಸಾರ್ವಜನಿಕರು ಗಮನದಲ್ಲಿಡಬೇಕು:

(ಅ) ಮೊಬೈಲ್ ದೂರವಾಣಿ ಅಥವಾ ಕ್ಯಾಮೆರಾವನ್ನು ವಶಪಡಿಸಿಕೊಳ್ಳುವ ಅಧಿಕಾರ ಭದ್ರತಾ ಸಿಬ್ಬಂದಿಗೆ ಇಲ್ಲ. ಅಪರಾಧದ ಸಂಶಯವಿರುವ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 106 ಪೊಲೀಸ್ ಅಧಿಕಾರಿಗೆ ನೀಡಿದೆ. ಅವರು ಸಹ ಅದನ್ನು ದಂಡಾಧಿಕಾರಿಗೆ ವರದಿ ಮಾಡಬೇಕು.

(ಆ) ತೆಗೆದ ಚಿತ್ರವನ್ನು ಬಲವಂತವಾಗಿ ಅಳಿಸುವ ಅಥವಾ ಅಳಿಸುವಂತೆ ಬೆದರಿಸುವ ಅಧಿಕಾರವೂ ಅವರಿಗಿಲ್ಲ. ಅಳಿಸುವಂತೆ ವಿನಂತಿಸಬಹುದು. ಒಪ್ಪುವುದು ಬಿಡುವುದು ಚಿತ್ರ ತೆಗೆದವರಿಗೆ ಬಿಟ್ಟದ್ದು.

(ಇ) "ದಂಡ" ವಸೂಲಿ ಮಾಡುವಂತಿಲ್ಲ. ದಂಡ ವಿಧಿಸುವ ಅಧಿಕಾರ ಕಾನೂನಿನಿಂದ ಬರಬೇಕು. ಖಾಸಗಿ ಫಲಕದಲ್ಲಿ ಮೊತ್ತವನ್ನು ಬರೆದ ಮಾತ್ರಕ್ಕೆ ಅದು ದಂಡವಾಗುವುದಿಲ್ಲ. ನಷ್ಟವಾಗಿದೆ ಎಂದು ಮಾಲೀಕರು ಭಾವಿಸಿದಲ್ಲಿ ಅವರು ಸಿವಿಲ್ ನ್ಯಾಯಾಲಯವನ್ನು ಸಂಪರ್ಕಿಸಬೇಕು.

(ಈ) ವ್ಯಕ್ತಿಯನ್ನು ಕೊಠಡಿಯಲ್ಲಿ ಕೂರಿಸಿ ತಡೆದಿಡುವಂತಿಲ್ಲ. ಖಾಸಗಿ ವ್ಯಕ್ತಿಯು ಇನ್ನೊಬ್ಬರನ್ನು ಹಿಡಿದು ಪೊಲೀಸರಿಗೆ ಒಪ್ಪಿಸಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಅವಕಾಶ ನೀಡುತ್ತದೆಯಾದರೂ, ಅದು ತನ್ನ ಸಮಕ್ಷಮದಲ್ಲಿ ಜಾಮೀನುರಹಿತ ಮತ್ತು ಸಂಜ್ಞೇಯ ಅಪರಾಧ ನಡೆದಾಗ ಅಥವಾ ಘೋಷಿತ ಅಪರಾಧಿಯ ವಿಷಯದಲ್ಲಿ ಮಾತ್ರ. ಕಟ್ಟಡದ ಚಿತ್ರ ತೆಗೆಯುವುದು ಅಂತಹ ಅಪರಾಧವಲ್ಲ. ಅಕ್ರಮ ತಡೆ ಮತ್ತು ಅಕ್ರಮ ಬಂಧನಗಳು ನ್ಯಾಯ ಸಂಹಿತೆಯ ಕಲಂ 126 ಮತ್ತು 127ರ ಮೇರೆಗೆ ಅಪರಾಧಗಳಾಗಿವೆ.

ಮೇಲ್ಕಂಡ ಯಾವುದೇ ಸಂದರ್ಭ ಎದುರಾದಲ್ಲಿ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬಹುದು. ಬಹುತೇಕ ಭದ್ರತಾ ಸಿಬ್ಬಂದಿ ತಮ್ಮ ಮೇಲಿನವರ ಸೂಚನೆಯಂತೆ ಕೆಲಸ ಮಾಡುವವರು ಎಂಬುದನ್ನೂ ಮರೆಯಬಾರದು. ಸೌಜನ್ಯದಿಂದ ವ್ಯವಸ್ಥಾಪಕರನ್ನು ಕಾಣಲು ಕೋರಿದಲ್ಲಿ ಹೆಚ್ಚಿನ ಪ್ರಸಂಗಗಳು ಅಲ್ಲಿಗೇ ಮುಗಿಯುತ್ತವೆ.

6. ಕಾನೂನಿನಿಂದಲೇ ನಿರ್ಬಂಧವಿರುವ ಸಂದರ್ಭಗಳು

ಇದುವರೆಗೆ ತಿಳಿಸಿದ್ದು ಮಾಲೀಕರ ಷರತ್ತುಗಳ ಬಗ್ಗೆ. ಕೆಲವು ಸ್ಥಳಗಳಲ್ಲಿ ಹಾಗೂ ವಿಧಾನಗಳಲ್ಲಿ ಕಾನೂನೇ ನಿರ್ಬಂಧ ವಿಧಿಸಿದೆ. ಅಲ್ಲಿ ಸಾರ್ವಜನಿಕ ರಸ್ತೆಯಲ್ಲಿ ನಿಂತಿರುವುದು ರಕ್ಷಣೆಯಾಗುವುದಿಲ್ಲ.

(ಅ) ನಿಷೇಧಿತ ಸ್ಥಳಗಳು: ಅಧಿಕೃತ ರಹಸ್ಯಗಳ ಅಧಿನಿಯಮ, 1923ರಲ್ಲಿ ಸೇನಾ ನೆಲೆಗಳು, ರಕ್ಷಣಾ ಸ್ಥಾವರಗಳು ಮೊದಲಾದವುಗಳನ್ನು "ನಿಷೇಧಿತ ಸ್ಥಳ" ಎಂದು ಪರಿಭಾಷಿಸಲಾಗಿದೆ. ದೇಶದ ಸುರಕ್ಷತೆಗೆ ಮಾರಕವಾದ ಉದ್ದೇಶದಿಂದ ಇಂತಹ ಸ್ಥಳದ ನಕ್ಷೆ ಅಥವಾ ರೇಖಾಚಿತ್ರ ತಯಾರಿಸುವುದು ಗಂಭೀರ ಅಪರಾಧ. "ರೇಖಾಚಿತ್ರ" ಎಂಬ ಪದದಲ್ಲಿ ಛಾಯಾಚಿತ್ರವೂ ಸೇರಿದೆ. ರಕ್ಷಣಾ ಸಂಸ್ಥೆಗಳು ಅನೇಕವಿರುವ ಬೆಂಗಳೂರು ನಗರದಲ್ಲಿ ಇವುಗಳ ಗೋಡೆಯ ಮೇಲಿನ ಸೂಚನಾ ಫಲಕಗಳನ್ನು ಕಡ್ಡಾಯವಾಗಿ ಪಾಲಿಸಬೇಕು.

(ಆ) ಸಂರಕ್ಷಿತ ಸ್ಮಾರಕಗಳು: ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಅಧಿನಿಯಮವೂ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಅಧಿನಿಯಮವೂ ಅನ್ವಯಿಸುತ್ತವೆ. 2018ರ ಜುಲೈನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಸಂಸ್ಥೆಯು ತನ್ನ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಇದ್ದ ನಿರ್ಬಂಧವನ್ನು ಸಡಿಲಿಸಿತು. ಆಗ ತಾಜ್ ಮಹಲಿನ ಸಮಾಧಿ ಭವನ, ಅಜಂತಾ ಗುಹೆಗಳು ಮತ್ತು ಲೇಹ್ ಅರಮನೆಯನ್ನು ಮಾತ್ರ ಹೊರತುಪಡಿಸಲಾಯಿತು. ಹಂಪಿ, ಪಟ್ಟದಕಲ್ಲು, ಹಳೇಬೀಡು ಮುಂತಾದೆಡೆ ಪ್ರವಾಸಿಗರು ಸ್ವಂತ ಬಳಕೆಗೆ ಚಿತ್ರ ತೆಗೆಯಬಹುದು. ಚಲನಚಿತ್ರದ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕು. ಪೂಜೆ ನಡೆಯುವ ದೇವಾಲಯಗಳಲ್ಲಿ ಗರ್ಭಗುಡಿಗೆ ಸಂಬಂಧಿಸಿದ ಸಂಪ್ರದಾಯವನ್ನು ಗೌರವಿಸಬೇಕು.

(ಇ) ಡ್ರೋನ್ ಬಳಕೆ: ಡ್ರೋನ್ ಮೂಲಕ ಚಿತ್ರ ತೆಗೆಯುವವರಿಗೆ ಡ್ರೋನ್ ನಿಯಮಗಳು, 2021 ಅನ್ವಯಿಸುತ್ತವೆ. ವಾಯುಪ್ರದೇಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯೂ, ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿಯೂ ಬೇಕು. ಒಂದಕ್ಕಿಂತ ಹೆಚ್ಚು ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಿ ನಕ್ಷೆಯನ್ನು ಪರಿಶೀಲಿಸದೆ ಡ್ರೋನ್ ಹಾರಿಸಬಾರದು.

(ಈ) ವ್ಯಕ್ತಿಗಳ ಖಾಸಗಿತನ: ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕಟ್ಟಡದ ಮುಂಭಾಗದ ಚಿತ್ರ ತೆಗೆಯುವುದಕ್ಕೂ ಅದರ ಕಿಟಕಿಯೊಳಗೆ ಇರುವವರ ಚಿತ್ರ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಮಹಿಳೆಯ ಖಾಸಗಿ ಕ್ಷಣಗಳ ಚಿತ್ರ ತೆಗೆಯುವುದು ನ್ಯಾಯ ಸಂಹಿತೆಯ ಕಲಂ 77ರ ಮೇರೆಗೂ, ಯಾವುದೇ ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆಯುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಕಲಂ 66ಇ ಮೇರೆಗೂ ಶಿಕ್ಷಾರ್ಹ.

7. ಸರ್ಕಾರಿ ಕಚೇರಿಗಳ ವಿಷಯ

ಸರ್ಕಾರಿ ಕಚೇರಿಗಳು ಖಾಸಗಿ ಒಡೆತನದ ಸ್ಥಳಗಳಲ್ಲ. ಆದರೂ ಸಾರ್ವಜನಿಕರಲ್ಲಿ ಗೊಂದಲವಿರುವುದರಿಂದ ಇಲ್ಲಿ ಪ್ರಸ್ತಾಪಿಸಲಾಗಿದೆ. ಕಚೇರಿ ವೇಳೆಯಲ್ಲಿ ಖಾಸಗಿ ವ್ಯಕ್ತಿಗಳು ಅನುಮತಿಯಿಲ್ಲದೆ ಛಾಯಾಚಿತ್ರ ಮತ್ತು ವಿಡಿಯೋ ತೆಗೆಯುವುದನ್ನು ನಿಷೇಧಿಸಿ 2022ರ ಜುಲೈನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ್ದ ಆದೇಶವನ್ನು, ಸಾರ್ವಜನಿಕರಿಂದ ಆಕ್ಷೇಪ ವ್ಯಕ್ತವಾದ ಕೂಡಲೇ ಹಿಂಪಡೆಯಲಾಯಿತು. ಹಾಗೆಂದು ಕಚೇರಿಯ ಕೆಲಸಕ್ಕೆ ಅಡ್ಡಿಪಡಿಸುವುದು, ಇತರ ಅರ್ಜಿದಾರರ ದಾಖಲೆಗಳ ಚಿತ್ರ ತೆಗೆಯುವುದು ಸರಿಯಲ್ಲ.

8. ಅರ್ಜಿ ಅಥವಾ ದೂರಿಗಾಗಿ ಚಿತ್ರ ಬೇಕಾದಾಗ ಅನುಸರಿಸಬೇಕಾದ ಕ್ರಮ

(1) ಸಾಧ್ಯವಿದ್ದೆಡೆಯೆಲ್ಲ ಸಾರ್ವಜನಿಕ ರಸ್ತೆಯಿಂದಲೇ ಚಿತ್ರ ತೆಗೆಯಬೇಕು. ಹೆಚ್ಚುವರಿ ಅಂತಸ್ತು, ರಸ್ತೆ ಬದಿಯ ತೆರವಿನ ಒತ್ತುವರಿ, ಪಾದಚಾರಿ ಮಾರ್ಗದ ಮೇಲಿನ ಚಾಚು ಮೊದಲಾದ ಹೆಚ್ಚಿನ ಉಲ್ಲಂಘನೆಗಳು ರಸ್ತೆಯಿಂದಲೇ ಕಾಣುತ್ತವೆ. ಮಾಲೀಕರ ಫಲಕವು ಅವರ ಆವರಣದೊಳಗೆ ಮಾತ್ರ ಅನ್ವಯಿಸುತ್ತದೆ.

(2) ಆವರಣದೊಳಗಿನ ಚಿತ್ರ ಅಗತ್ಯವಿದ್ದಲ್ಲಿ ವ್ಯವಸ್ಥಾಪಕರಿಗೆ ಲಿಖಿತ ಮನವಿ ಸಲ್ಲಿಸಬಹುದು. ಉದ್ದೇಶ, ದಿನಾಂಕ ಮತ್ತು ಚಿತ್ರ ತೆಗೆಯುವ ಭಾಗವನ್ನು ನಮೂದಿಸಿ ಸ್ವೀಕೃತಿ ಪಡೆಯಬೇಕು.

(3) ಅನುಮತಿ ನಿರಾಕರಿಸಿದಲ್ಲಿ ದೂರು ನಿಂತುಹೋಗಬೇಕಾಗಿಲ್ಲ. ಕಟ್ಟಡದ ಹೆಸರು, ಅಂತಸ್ತು, ಭಾಗ, ನೋಡಿದ ದಿನಾಂಕ ಮತ್ತು ವೇಳೆಯನ್ನು ಬರೆದು ಛಾಯಾಚಿತ್ರವಿಲ್ಲದೆಯೇ ದೂರು ಸಲ್ಲಿಸಬಹುದು. ಚಿತ್ರ ತೆಗೆಯಲು ಬಿಡಲಿಲ್ಲ ಎಂಬ ಅಂಶವನ್ನೂ ನಮೂದಿಸಬೇಕು. ಸ್ಥಳ ಪರಿಶೀಲನೆ ನಡೆಸುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಇದೆ. ಅಗ್ನಿ ಸುರಕ್ಷತೆಗೆ ಸಂಬಂಧಿಸಿದ ದೂರನ್ನು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಸಲ್ಲಿಸಬೇಕು.

(4) ಮಂಜೂರಾದ ನಕ್ಷೆಯ ಪ್ರತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಅರ್ಜಿ ಸಲ್ಲಿಸಬಹುದು. ರಾಜ್ಯದಲ್ಲಿ ಅರ್ಜಿ ಶುಲ್ಕ ₹10. ಅರ್ಜಿಯು ಒಂದು ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಮಾಹಿತಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸಬೇಕು. ನಕ್ಷೆಯ ಪ್ರತಿಯನ್ನು ದೂರಿನೊಂದಿಗೆ ಲಗತ್ತಿಸಿದಲ್ಲಿ, ಯಾವ ಭಾಗದಲ್ಲಿ ಏನು ಬದಲಾಗಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಬಹುದು.

(5) ಮೂಲ ಚಿತ್ರವನ್ನು ತಿದ್ದದೆ, ಕತ್ತರಿಸದೆ ಕಾಯ್ದಿರಿಸಬೇಕು. ವಿಷಯವು ಮುಂದೆ ನ್ಯಾಯಾಲಯಕ್ಕೆ ಹೋದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಮೇರೆಗೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ನೀಡಬೇಕಾಗುತ್ತದೆ. ಕೇವಲ ಸಂದೇಶ ಸೇವೆಯ ಮೂಲಕ ಕಳುಹಿಸಿದ ಪ್ರತಿ ಉಳಿದಿದ್ದರೆ ತೆಗೆದ ದಿನಾಂಕ ಮೊದಲಾದ ವಿವರಗಳು ಅದರಲ್ಲಿ ಇಲ್ಲದಿರಬಹುದು.

9. ವಾಣಿಜ್ಯ ಬಳಕೆ

ಜಾಹೀರಾತು, ಚಲನಚಿತ್ರ, ಧಾರಾವಾಹಿ, ವಿವಾಹಪೂರ್ವ ಛಾಯಾಗ್ರಹಣ ಮೊದಲಾದವುಗಳಿಗೆ ಖಾಸಗಿ ಆವರಣದಲ್ಲಿ ಮಾಲೀಕರ ಲಿಖಿತ ಅನುಮತಿ ಪಡೆಯಬೇಕು. ರೈಲು ನಿಲ್ದಾಣ, ಮೆಟ್ರೋ ನಿಲ್ದಾಣ ಹಾಗೂ ಸರ್ಕಾರಿ ಉದ್ಯಾನಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಆಯಾ ಸಂಸ್ಥೆಯ ಪೂರ್ವಾನುಮತಿ ಮತ್ತು ನಿಗದಿತ ಶುಲ್ಕ ಅನ್ವಯಿಸುತ್ತದೆ. ಅನುಮತಿ ಪತ್ರದಲ್ಲಿ ದಿನಾಂಕ, ವೇಳೆ, ಸಲಕರಣೆಗಳ ವಿವರ ಮತ್ತು ಚಿತ್ರದ ಬಳಕೆಯನ್ನು ನಮೂದಿಸಿಕೊಳ್ಳುವುದರಿಂದ ಮುಂದಿನ ವಿವಾದಗಳನ್ನು ತಪ್ಪಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ 1: ವ್ಯಾಪಾರ ಸಂಕೀರ್ಣದ ಎದುರಿನ ಪಾದಚಾರಿ ಮಾರ್ಗದಲ್ಲಿ ನಿಂತು ಅದರ ಮುಂಭಾಗದ ಚಿತ್ರ ತೆಗೆಯುವಾಗ ಕಾವಲುಗಾರರು ತಡೆದಲ್ಲಿ ಏನು ಮಾಡಬೇಕು?
ಉತ್ತರ: ಪಾದಚಾರಿ ಮಾರ್ಗ ಸಾರ್ವಜನಿಕ ಸ್ಥಳ. ಅಲ್ಲಿ ಷರತ್ತು ವಿಧಿಸುವ ಅಧಿಕಾರ ಸಂಕೀರ್ಣದ ಮಾಲೀಕರಿಗೆ ಇಲ್ಲ. ಕಟ್ಟಡದ ಚಿತ್ರ ಕೃತಿಸ್ವಾಮ್ಯದ ಉಲ್ಲಂಘನೆಯೂ ಅಲ್ಲ. ಇದನ್ನು ಸೌಜನ್ಯದಿಂದ ತಿಳಿಸಬಹುದು. ಆದರೆ ಪಾದಚಾರಿ ಮಾರ್ಗದಂತೆ ಕಾಣುವ ಭಾಗವು ಸಂಕೀರ್ಣದ ನಿವೇಶನಕ್ಕೆ ಸೇರಿದ್ದಿರಬಹುದು ಎಂಬುದನ್ನು ಗಮನಿಸಬೇಕು.

ಪ್ರಶ್ನೆ 2: ಆವರಣದಲ್ಲಿ ಯಾವುದೇ ಫಲಕವಿಲ್ಲ. ಚಿತ್ರ ತೆಗೆಯಬಹುದೇ?
ಉತ್ತರ: ಫಲಕವಿಲ್ಲದಿರುವಾಗ ಚಿತ್ರ ತೆಗೆದದ್ದು ತಪ್ಪಾಗುವುದಿಲ್ಲ. ಆದರೆ ಸಿಬ್ಬಂದಿ ಬಾಯಿಮಾತಿನಲ್ಲಿ ಬೇಡವೆಂದು ತಿಳಿಸಿದರೂ ಅದು ಷರತ್ತೇ. ನಂತರ ಮುಂದುವರಿಸಬಾರದು. ಅದಕ್ಕೂ ಮೊದಲು ತೆಗೆದ ಚಿತ್ರಗಳನ್ನು ಅಳಿಸಬೇಕಾಗಿಲ್ಲ.

ಪ್ರಶ್ನೆ 3: ವಸತಿ ಸಮುಚ್ಚಯದಲ್ಲಿ ಮನೆ ಹೊಂದಿರುವವರು ಅಲ್ಲಿನ ಸಾಮಾನ್ಯ ಪ್ರದೇಶದ ಚಿತ್ರ ತೆಗೆಯಲು ಸಂಘದ ಅನುಮತಿ ಬೇಕೇ?
ಉತ್ತರ: ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ, 1972ರ ವ್ಯಾಪ್ತಿಗೆ ಬರುವ ಸಮುಚ್ಚಯಗಳಲ್ಲಿ ಪ್ರತಿ ಮನೆಯ ಮಾಲೀಕರಿಗೂ ಸಾಮಾನ್ಯ ಪ್ರದೇಶದಲ್ಲಿ ಅವಿಭಜಿತ ಪಾಲು ಇರುತ್ತದೆ. ಅವರು ಅಲ್ಲಿ ಸಂದರ್ಶಕರಲ್ಲ, ಸಹ ಮಾಲೀಕರು. ಸಂಘದ ಉಪವಿಧಿಗಳಲ್ಲಿ ಬಳಕೆಯ ನಿಯಮಗಳಿದ್ದಲ್ಲಿ ಪಾಲಿಸಬೇಕು. ನೆರೆಹೊರೆಯವರ ಖಾಸಗಿತನಕ್ಕೆ ಧಕ್ಕೆಯಾಗದಂತೆ, ಸೋರುವ ಕೊಳವೆ, ಬಿರುಕು ಬಿಟ್ಟ ಕಂಬ, ಮುಚ್ಚಿದ ನಿರ್ಗಮನ ದ್ವಾರ ಇವುಗಳ ಚಿತ್ರವನ್ನು ದೂರಿಗಾಗಿ ತೆಗೆಯಬಹುದು.

ಪ್ರಶ್ನೆ 4: ಖಾಸಗಿ ಆವರಣದಲ್ಲಿ ಷರತ್ತನ್ನು ಮೀರಿ ತೆಗೆದ ಚಿತ್ರವನ್ನು ದೂರಿನೊಂದಿಗೆ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಸಾಕ್ಷ್ಯವು ವಿಷಯಕ್ಕೆ ಸುಸಂಗತವಾಗಿದೆಯೇ ಮತ್ತು ನೈಜವಾಗಿದೆಯೇ ಎಂಬುದನ್ನು ಮುಖ್ಯವಾಗಿ ಪರಿಗಣಿಸಲಾಗುತ್ತದೆ. ಷರತ್ತಿನ ಉಲ್ಲಂಘನೆಯು ಮಾಲೀಕರು ಮತ್ತು ಚಿತ್ರ ತೆಗೆದವರ ನಡುವಿನ ಪ್ರತ್ಯೇಕ ವಿಷಯ. ಆದರೂ ಸಾಧ್ಯವಾದಷ್ಟು ಕ್ರಮ ಸಂಖ್ಯೆ 8ರ ವಿಧಾನವನ್ನೇ ಅನುಸರಿಸುವುದು ಉತ್ತಮ.

ಪ್ರಶ್ನೆ 5: ಪೊಲೀಸರು ವಿಚಾರಿಸಿದಲ್ಲಿ?
ಉತ್ತರ: ಹೆಸರು, ವಿಳಾಸ ಮತ್ತು ಚಿತ್ರ ತೆಗೆಯುತ್ತಿರುವ ಉದ್ದೇಶವನ್ನು ತಿಳಿಸಿ ಸಹಕರಿಸಬೇಕು. ದೂರಿನ ಅಥವಾ ಅರ್ಜಿಯ ಸ್ವೀಕೃತಿ ಇದ್ದಲ್ಲಿ ತೋರಿಸಬಹುದು. ಉಪಕರಣವನ್ನು ವಶಪಡಿಸಿಕೊಂಡಲ್ಲಿ ಲಿಖಿತ ಪಟ್ಟಿಯನ್ನು ಕೇಳಿ ಪಡೆಯಬೇಕು.

11. ಸೂಚನೆ

ಈ ಲೇಖನವನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಸಿದ್ಧಪಡಿಸಲಾಗಿದೆ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಧಿಕೃತವಾದುದು. ನಿರ್ದಿಷ್ಟ ವಿವಾದಗಳಲ್ಲಿ ವಕೀಲರ ಸಲಹೆ ಪಡೆಯುವುದು ಸೂಕ್ತ. ಶುಲ್ಕ ಭರಿಸಲಾಗದ ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ ಉಚಿತ ನೆರವು ಪಡೆಯಬಹುದು. ಅರ್ಜಿದಾರರು ತಮ್ಮ ಅರ್ಜಿಗೆ ಅಗತ್ಯವಾದ ಛಾಯಾಚಿತ್ರಗಳನ್ನು ಮೇಲ್ಕಂಡ ನಿಯಮಗಳಿಗೆ ಒಳಪಟ್ಟು ಪಡೆದು, ದಿನಾಂಕ ಮತ್ತು ಸ್ಥಳದ ವಿವರಗಳೊಂದಿಗೆ ಸಲ್ಲಿಸುವಂತೆ ಕೋರಲಾಗಿದೆ.